ಮೂರು ವಿಳಾಸದ ಸರ್ವರು

ಶಿರಸಿಯ ಅಡಿಕೆ ಮಾರಾಟ ಸಂಘವೊಂದರಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವವಳು ನಾನು. ಕಚೇರಿಯ ಹಿಂದಿನ ಕೋಣೆಯಲ್ಲಿ ಮೂರು ಹಳೆಯ ಸರ್ವರುಗಳಿದ್ದವು. ಒಂದು ಶಿರಸಿಗೆ, ಒಂದು ಸಿದ್ದಾಪುರ ಶಾಖೆಗೆ, ಇನ್ನೊಂದು ಯಲ್ಲಾಪುರಕ್ಕೆ. ಯಲ್ಲಾಪುರದ್ದು ಕೆಟ್ಟು ನಿಂತಾಗ ಮೂರರ ಕೆಲಸಕ್ಕೂ ಸೇರಿ ಒಂದೇ ಹೊಸ ಸರ್ವರು ತರಿಸಿದೆವು. ಆದರೆ ಅಡಿಕೆ ರಾಶಿಗಳಿಗೆ ವ್ಯಾಪಾರಿಗಳು ಕೊಡುವ ದರ ದಾಖಲಿಸುವ ಪ್ರತಿ ಶಾಖೆಯ ಟೆಂಡರ್ ಸಾಫ್ಟ್‌ವೇರು ತನ್ನ ಹಳೆಯ ಸರ್ವರಿನ ಐಪಿ ವಿಳಾಸವನ್ನೇ ಹುಡುಕುತ್ತಿತ್ತು. ಅದನ್ನು ತಿದ್ದಬಲ್ಲವರು ಯಾರೂ ಉಳಿದಿರಲಿಲ್ಲ. ಹಾಗಾಗಿ ಹೊಸ ಸರ್ವರಿನ ಒಂದೇ ನೆಟ್‌ವರ್ಕ್ ಕಾರ್ಡಿಗೆ ಮೂರೂ ವಿಳಾಸಗಳನ್ನು ಕೊಟ್ಟೆ. ಯಾವುದನ್ನು ಹಿಡಿದು ಕರೆದರೂ ಅದೇ ಓಗೊಡುತ್ತಿತ್ತು.

"ಒಂದೇ ಪೆಟ್ಟಿಗೆಗೆ ಮೂರು ವಿಳಾಸವಾ? ಮೂರು ರೇಷನ್ ಕಾರ್ಡು ಮಾಡ್ಸಲೆ ಹೊಂಟ ಹಾಂಗೆ ಆತಲೇ ತಂಗಿ," ಎಂದು ಮ್ಯಾನೇಜರು ನಕ್ಕಿದ್ದರು.

ಒಂದು ವಾರ ಎಲ್ಲ ಸರಿಯಾಗಿ ನಡೆಯಿತು. ಸಿದ್ದಾಪುರದಲ್ಲಿ ಟೆಂಡರು ಇದ್ದ ದಿನ ಬೆಳಿಗ್ಗೆ ಅಲ್ಲಿಯ ಗುಮಾಸ್ತೆ ಫೋನ್ ಮಾಡಿದಳು.

"ಅಕ್ಕಾ, ಇಲ್ಲಿ ಒಂದ್ಸಲ ಬತ್ತು, ಒಂದ್ಸಲ ಹೋಗ್ತು. ರಾಶಿ ಎಲ್ಲ ಹರಗಿ ಆಜು, ವ್ಯಾಪಾರಿಗಳೂ ಬಂದು ಕುಂತಿದ್ದ. ಮಧ್ಯಾಹ್ನದ ಒಳಗೆ ಸರಿ ಆಗದಿದ್ರೆ ಟೆಂಡರು ಮುಂದಿನ ವಾರಕ್ಕೇ."

ಹಾಗಾದರೆ ದೂರದಿಂದ ಬಂದ ಬೆಳೆಗಾರರು ಬರಿಗೈಯಲ್ಲಿ ಮನೆಗೆ ಹೋಗಬೇಕು.

"ಯಲ್ಲಾಪುರದಲ್ಲಿ ಹೆಂಗಿದ್ದು?" ಎಂದೆ.

"ಅಲ್ಲಿ ಸರಿ ಇದ್ದಡ. ಎಂಗಳ ಮೇಲೇ ಎಂತ ಸಿಟ್ಟು ನಿನ್ನ ಮಷಿನಿಗೆ?"

ಸರ್ವರಿನಲ್ಲಿ ಮೂರು ವಿಳಾಸಗಳೂ ಇದ್ದ ಹಾಗೇ ಇದ್ದವು. ಕೇಬಲ್ ಬದಲಿಸಿದೆ, ಪ್ರಯೋಜನವಾಗಲಿಲ್ಲ. ಪರೀಕ್ಷೆಗೆಂದು ಸಿದ್ದಾಪುರದ ವಿಳಾಸವನ್ನೇ ತೆಗೆದುಹಾಕಿದೆ. ಆದರೂ ಆ ವಿಳಾಸದಿಂದ ಉತ್ತರ ಬರುತ್ತಲೇ ಇತ್ತು. ಅಂದರೆ ಅದೇ ವಿಳಾಸದಲ್ಲಿ ಬೇರೊಂದು ಯಂತ್ರ ಎಲ್ಲೋ ಎದ್ದು ಕೂತಿದೆ.

ಹಿಂದಿನ ಕೋಣೆಗೆ ಹೋದೆ. ಮೂಲೆಗೆ ಸರಿಸಿಟ್ಟಿದ್ದ ಸಿದ್ದಾಪುರದ ಹಳೆಯ ಸರ್ವರು ಹಸಿರು ದೀಪ ಮಿನುಗಿಸುತ್ತಿತ್ತು. ಅದರ ತಲೆಯ ಮೇಲೊಂದು ದಾಸವಾಳ. ಹಳೆಯವುಗಳಲ್ಲಿ ಅದೊಂದರ ಕೇಬಲ್ ಕೀಳಲು ನಾನು ಮರೆತಿದ್ದೆ.

ಬೆಳಿಗ್ಗೆ ಬಾಗಿಲು ತೆಗೆದು, ದೇವರ ಪಟಕ್ಕೆ ಊದುಬತ್ತಿ ಹಚ್ಚಿ, ಪ್ರತಿ ಯಂತ್ರಕ್ಕೂ ಒಂದು ಹೂವಿಟ್ಟು ಗುಂಡಿ ಒತ್ತುವುದು ನಮ್ಮ ಹಿರಿಯ ಜವಾನರ ಕ್ರಮ. ರಜೆ ಮುಗಿಸಿ ಅವರು ಬಂದದ್ದು ಅವತ್ತೇ.

"ಆನೇ ಹಾಕಿದ್ದು," ಎಂದು ತಾವೇ ಒಪ್ಪಿಕೊಂಡರು. "ಹೂ ಇಟ್ಟಿಕ್ಕೆ ಚಾಲೂ ಮಾಡದೇ ಬಿಡಲೆ ಆಗ್ತಾ?"

"ಅದಕ್ಕೆ ರಿಟೈರ್‌ಮೆಂಟ್ ಆಜು ಅಣ್ಣಾ."

"ಎಂಗೆ ಯಾರೂ ಹೇಳಿದ್ವಿಲ್ಲೆ. ಸಮಾರಂಭನೂ ಮಾಡಿದ್ವಿಲ್ಲೆ."

ಹಳೆಯ ಸರ್ವರನ್ನು ಆರಿಸಿ, ಹೊಸದಕ್ಕೆ ಸಿದ್ದಾಪುರದ ವಿಳಾಸವನ್ನು ಮತ್ತೆ ಕೊಟ್ಟೆ. ಆದರೂ ಸಿದ್ದಾಪುರಕ್ಕೆ ಸಂಪರ್ಕ ಸಿಗಲಿಲ್ಲ. ಆ ವಿಳಾಸ ಹಳೆಯ ಯಂತ್ರದ್ದೇ ಎಂದು ರೂಟರು ಇನ್ನೂ ನೆನಪಿಟ್ಟುಕೊಂಡಿತ್ತು. ಅದನ್ನೂ ಒಮ್ಮೆ ಆರಿಸಿ ಹಚ್ಚಿ, ಗುಮಾಸ್ತೆಗೆ ಫೋನ್ ಮಾಡಿದೆ.

"ತಡಿ ಅಕ್ಕಾ, ಬಂತು," ಎಂದವಳು ಫೋನನ್ನು ಕತ್ತರಿಸದೆ ಮೇಜಿನ ಮೇಲೆಯೇ ಇಟ್ಟುಬಿಟ್ಟಳು. ಕುರ್ಚಿ ಎಳೆದ ಸದ್ದು, ಯಾರೋ ಮಜ್ಜಿಗೆ ಕೇಳಿದ್ದು, ಇನ್ಯಾರೋ ಗದರಿದ್ದು ಕೇಳಿಸಿತು. ಸ್ವಲ್ಪ ಹೊತ್ತಿಗೆ ಮೊದಲ ರಾಶಿಯ ದರ ಕೂಗಿದರು. ಫೋನ್ ಇಡಲು ನನಗೂ ಮನಸ್ಸಾಗಲಿಲ್ಲ. ಎರಡನೆಯ ರಾಶಿಯದನ್ನೂ ಕೇಳಿದೆ.