ರುಚಿ ನೋಡುವ ಕೆಲಸ

ನೂಲಿನ ಗಿರಣಿಯ ಕ್ಯಾಂಟೀನಿನಲ್ಲಿ ಅಡುಗೆ ಮಾಡುತ್ತಿದ್ದವನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಒಂದಿತ್ತು. ಅದು ಸಂಬಳದ ಚೀಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿರಲಿಲ್ಲ. ಎಲ್ಲರ ಬಾಯಲ್ಲೂ ಅವನು ನಾಲಿಗೆಯಣ್ಣ. ಇದು ಮಾತಿನ ನಾಲಿಗೆಯಲ್ಲ, ಮಾತಿನಲ್ಲಿ ಅವನು ಪರಮ ಜಿಪುಣ. ಇದು ರುಚಿಯ ನಾಲಿಗೆ. ಸೌಟಿನಿಂದ ಒಂದು ಹನಿ ಅಂಗೈಗೆ ಬಿಟ್ಟುಕೊಂಡು, ನೆಕ್ಕಿ, ಕಣ್ಣು ಮುಚ್ಚಿ, "ಈರುಳ್ಳಿ ಬಾಡೋ ಮುಂಚೆ ನೀರು ಹುಯ್ದಿದ್ದೀಯ" ಎಂದನೆಂದರೆ ಕೈಕೆಳಗಿನ ಶಿಷ್ಯ ತಲೆ ತಗ್ಗಿಸಲೇಬೇಕು. ಅನ್ನದ ಒಂದು ಅಗುಳು ಬಾಯಿಗೆ ಹಾಕಿಕೊಂಡು, ನೀರು ಬಾವಿಯದೋ ನಲ್ಲಿಯದೋ ಹೇಳಿಬಿಡುತ್ತಿದ್ದ. ಹುಟ್ಟಿನಿಂದ ಬಂದ ವಿದ್ಯೆಯೇನಲ್ಲ. ಎಳೆಯ ವಯಸ್ಸಿನಲ್ಲಿ ಒಬ್ಬ ಮುಂಗೋಪಿ ಬಾಣಸಿಗನ ಕೈಯಲ್ಲಿ ಕಲಿತದ್ದು. ತಪ್ಪು ಹೇಳಿದರೆ ಆ ಮಹಾಶಯ ಬಿಸಿ ಸೌಟಿನಿಂದಲೇ ಗೆಣ್ಣಿಗೆ ಬಾರಿಸುತ್ತಿದ್ದ. ಹಾಗೆ ಕಲಿತದ್ದು ಮರೆಯುವುದಿಲ್ಲ.

ಆ ನಾಲಿಗೆಯ ಬಗ್ಗೆ ಅವನಿಗೆ ಜಂಭವಿತ್ತು. ಇರಲಿ ಬಿಡಿ. ಓದಿಲ್ಲ, ಆಸ್ತಿಯಿಲ್ಲ, ನೋಡುವುದಕ್ಕೂ ಅಷ್ಟಕ್ಕಷ್ಟೇ. ಮನುಷ್ಯನಿಗೆ ಜಂಭಪಡಲು ಏನಾದರೂ ಒಂದು ಬೇಕಲ್ಲ. ಗಿರಣಿಯವರ ಮನೆಗಳಲ್ಲಿ ದೊಡ್ಡ ಊಟವೆಂದರೆ ಅವನಿಗೇ ಕರೆ ಬರುತ್ತಿತ್ತು. ಅವನಿಗೊಂದು ಆಸೆಯೂ ಇತ್ತು. ತಗಡಿನ ಮಾಡು, ಜಿಡ್ಡು ನೆಲ, ಹೊಗೆ ಹೋಗದ ಕಿಟಕಿಯ ಈ ಅಡುಗೆಮನೆ ಬಿಟ್ಟು, ಬಿಳಿ ಹಂಚು ಹಾಸಿದ ಒಂದು ದೊಡ್ಡ ಅಡುಗೆಮನೆಗೆ ಯಜಮಾನನಾಗಬೇಕು ಎಂಬುದು ಅದು. ಹೆಂಡತಿಗೆ ಮಾತ್ರ ಹೇಳಿದ್ದ.

ಅವನ ಅಕ್ಕ ಹತ್ತಿರದ ಶಾಲೆಯಲ್ಲಿ ಆಯಾ. ಗುಡಿಸುವುದು, ಗಂಟೆ ಹೊಡೆಯುವುದು, ಬಿದ್ದ ಮಕ್ಕಳ ಮೊಣಕಾಲಿಗೆ ಔಷಧಿ ಹಚ್ಚುವುದು ಅವಳ ಕೆಲಸ. ಆ ಶಾಲೆಯಲ್ಲಿ ಮಧ್ಯಾಹ್ನದ ಊಟ ಕೊಡುತ್ತಾರೆ, ಶನಿವಾರ ಭಾನುವಾರ ಬಿಟ್ಟು.

"ಸೋಮವಾರ ಬಂದು ನೋಡಬೇಕು ನೀನು," ಎಂದಳು ಅಕ್ಕ ಒಮ್ಮೆ. "ಕೆಲವು ಮಕ್ಕಳು ಪಾಠ ಕೇಳಲ್ಲ, ಅಡುಗೆ ಕೋಣೆ ಬಾಗಿಲು ನೋಡ್ತಾ ಕೂತಿರ್ತವೆ. ಈ ಸಲ ಒಂದು ಮಗು ಬೆಳಗಿನ ಪ್ರಾರ್ಥನೆ ಸಾಲಲ್ಲೇ ಕುಸಿದುಬಿತ್ತು. ಶಾಲೆಗೆ ರಜೆ ಇದೆ ಕಣೋ, ಹೊಟ್ಟೆಗೆಲ್ಲಿದೆ ರಜೆ?"

ಮೇಷ್ಟ್ರುಗಳೂ ಮೇಡಂಗಳೂ ಕಲ್ಲುಮನಸ್ಸಿನವರೇನಲ್ಲ. ಕೈಯಿಂದ ದುಡ್ಡು ಹಾಕಿ ಅಕ್ಕಿ, ಬೇಳೆ, ಬಿಸ್ಕತ್ತು ತಂದು, ಶುಕ್ರವಾರ ಸಂಜೆ ಗಂಟು ಕಟ್ಟಿ, ಅಂಥ ಎಂಟು ಮಕ್ಕಳ ಕೈಗೆ ಕೊಟ್ಟರು. ಸೋಮವಾರ ಒಬ್ಬ ಹುಡುಗಿಯ ತಾಯಿ ಬಂದಳು. ಇಸ್ತ್ರಿ ಅಂಗಡಿಯಲ್ಲಿ ದುಡಿಯುವ ಹೆಂಗಸು, ಗಂಡನಿಲ್ಲ. ಗಂಟು ಬಿಚ್ಚಿಯೇ ಇರಲಿಲ್ಲ. ಅದನ್ನು ದೊಡ್ಡ ಮೇಡಂ ಮೇಜಿನ ಮೇಲಿಟ್ಟು, "ನನ್ನ ಮಗಳು ಇಲ್ಲಿಗೆ ಓದೋಕೆ ಬರ್ತಾಳೆ, ಬೇಡೋಕಲ್ಲ" ಎಂದು ಹೇಳಿ ಹೋದಳು. ಕೂಗಾಡಿದ್ದರೆ ಸಮಾಧಾನ ಮಾಡಬಹುದಿತ್ತು. ಅವಳು ಮೆಲ್ಲಗೆ ಹೇಳಿದ್ದಳು. ಸುದ್ದಿ ಹರಡಿತು. ಮುಂದಿನ ವಾರ ಉಳಿದ ಮಕ್ಕಳೂ ಗಂಟು ಮುಟ್ಟಲಿಲ್ಲ. "ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು" ಎಂದು ಮೇಡಂ ಒಬ್ಬರು ಮೂಗು ಮುರಿದರು. ಹೊಟ್ಟೆ ತುಂಬಿದವರಿಗೆ ಗಾದೆಗಳು ಬೇಗ ನೆನಪಾಗುತ್ತವೆ.

ನಾಲಿಗೆಯಣ್ಣ ಇದನ್ನೆಲ್ಲ ಕೇಳಿಸಿಕೊಂಡ. ಆಮೇಲೆ ಅವನಿಗೆ ಜ್ವರ ಬಂತು. ಮೂಗು ಕಟ್ಟಿ, ಗಂಟಲು ಕಟ್ಟಿ, ಜೀವಮಾನದಲ್ಲಿ ಮೊದಲ ಸಲ ನಾಲಿಗೆ ಕೈಕೊಟ್ಟಿತು. ಉಪ್ಪು ನೆಕ್ಕಿದರೂ ಸುಣ್ಣ ನೆಕ್ಕಿದರೂ ಒಂದೇ. ಕೆಲಸಕ್ಕೆ ಬಂದವನು ಶಿಷ್ಯನಿಗೆ ಗುಟ್ಟಾಗಿ, "ಸ್ವಲ್ಪ ದಿನ ನೀನೇ ರುಚಿ ನೋಡು" ಎಂದ. ಕ್ಯಾಂಟೀನಿನಲ್ಲಿ ಗುಟ್ಟು ಉಳಿಯುವುದುಂಟೇ? ಬಡಿಸುವ ಹೊತ್ತಿಗೆ ಇಡೀ ಗಿರಣಿಗೆ ಗೊತ್ತಾಗಿತ್ತು. ವಾರ ಕಳೆಯುವುದರೊಳಗೆ ನಾಲಿಗೆ ಮೊದಲಿನ ಹಾಗೆ ಆಯಿತು. ಆದರೆ ಅದನ್ನು ಅವನು ಯಾರಿಗೂ ಹೇಳಲಿಲ್ಲ. ನೇರ ಅಕ್ಕನ ಮನೆಗೆ ಹೋದ.

"ಆ ಮಕ್ಕಳನ್ನ ಶನಿವಾರ ಭಾನುವಾರ ಕೆಲಸಕ್ಕೆ ಕಳಿಸು," ಎಂದ.

"ಮಕ್ಕಳನ್ನ ಕೆಲಸಕ್ಕಾ? ಜೈಲಿಗೆ ಹೋಗ್ತೀಯ!"

"ತಿನ್ನೋ ಕೆಲಸ ಕಣೆ. ನನಗೆ ರುಚಿ ಹೋಗಿದೆ. ಉಪ್ಪು ಹುಳಿ ನೋಡೋಕೆ ಯಾರಾದ್ರೂ ಬೇಕು. ದೊಡ್ಡೋರ ನಾಲಿಗೆ ಕಾಫಿ ಬೀಡಿಲಿ ಸುಟ್ಟಿರುತ್ತೆ, ಮಕ್ಕಳದೇ ಆಗ್ಬೇಕು."

ಅಕ್ಕ ಅವನನ್ನು ಸ್ವಲ್ಪ ಹೊತ್ತು ನೋಡಿದಳು. ಚಿಕ್ಕವನಿದ್ದಾಗ ಇವನು ಸುಳ್ಳು ಹೇಳಿದರೆ ಕಿವಿ ಕೆಂಪಾಗುತ್ತಿತ್ತು. ಈಗಲೂ ಆಗಿತ್ತು. ಅವಳು ಏನೂ ಕೇಳದೆ, ಇಸ್ತ್ರಿಯವಳ ಮನೆಗೆ ತಾನೇ ಹೋಗಿ, ತಮ್ಮನ ಕಷ್ಟವನ್ನು ಕಣ್ಣೊರೆಸಿಕೊಂಡು ಹೇಳಿದಳು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರೆ. ಇಲ್ಲಿ ಒಂದೇ ಸುಳ್ಳು, ಎಂಟು ಊಟ. "ಪಾಪ, ಅಡುಗೆಯವರಿಗೆ ನಾಲಿಗೆ ಹೋದ್ರೆ ದರ್ಜಿಗೆ ಕಣ್ಣು ಹೋದ ಹಾಗೆ" ಎಂದಳಂತೆ ಆಕೆ. ಶನಿವಾರ ಮಗಳಿಗೆ ತಲೆ ಬಾಚಿ ಕಳಿಸಿದಳು. ಅವಳನ್ನು ನೋಡಿ ಉಳಿದ ಏಳು ಮಕ್ಕಳ ಮನೆಯವರೂ ಕಳಿಸಿದರು.

ಕೆಲಸ ಶುರುವಾಯಿತು. ಹಿಂಬಾಗಿಲ ಬಳಿ ತರಕಾರಿ ಡಬ್ಬಗಳನ್ನು ಬೋರಲು ಹಾಕಿ ಎಂಟು ಜನ ಕೂರುತ್ತಿದ್ದರು. ಚಮಚದಲ್ಲಿ ಕೊಟ್ಟರೆ ರುಚಿ ತಿಳಿಯುವುದಿಲ್ಲವೆಂಬುದು ನಾಲಿಗೆಯಣ್ಣನ ಹೊಸ ಸಿದ್ಧಾಂತ. ಪಾತ್ರೆಯ ಮೇಲಿನದೊಂದು ರುಚಿ, ತಳದ್ದೊಂದು ರುಚಿ, ಆದ್ದರಿಂದ ಎರಡು ಸಲ ಬಡಿಸಬೇಕು. ಬೇಳೆಯನ್ನು ಬರೀ ಬೇಳೆಯಾಗಿ ತಿಂದರೆ ಉಪ್ಪು ಹೆಚ್ಚೆನಿಸುತ್ತದೆ, ಅನ್ನದ ಜೊತೆಗೇ ನೋಡಬೇಕು. ರಾತ್ರಿ ಪಾಳಿಯವರು ತಿನ್ನುವುದು ಆರಿದ ಊಟ. ಆದ್ದರಿಂದ ಪ್ರತಿಯೊಬ್ಬರೂ ಒಂದೊಂದು ಡಬ್ಬಿ ಮನೆಗೆ ಒಯ್ದು, ಸಂಜೆ ತಿಂದು, ಮನೆಯವರಿಗೂ ತಿನ್ನಿಸಿ, ಅವರ ಅಭಿಪ್ರಾಯ ಕೇಳಿಕೊಂಡು ಬರಬೇಕು. ಮಕ್ಕಳು ಇದನ್ನೆಲ್ಲ ಬಹಳ ಗಂಭೀರವಾಗಿ ಮಾಡಿದರು. ಇಸ್ತ್ರಿಯವಳ ಮಗಳು ಎಲ್ಲರಿಗಿಂತ ಕಟ್ಟುನಿಟ್ಟು. ಅವನು ಅವಳನ್ನು ಇನ್ಸ್‌ಪೆಕ್ಟರಮ್ಮ ಎಂದು ಕರೆಯುತ್ತಿದ್ದ. "ಮಾವ, ಹುಳಿ ಮುಂದಾಗಿದೆ" ಎಂದು ಅವಳು ಹುಬ್ಬು ಗಂಟಿಕ್ಕಿದರೆ, ಅವನು ಕೈಕಟ್ಟಿ ನಿಂತು ಕೇಳುತ್ತಿದ್ದ. ಅವಳು ಹೇಳಿದ್ದು ಬರಬರುತ್ತ ಸರಿಯಾಗಿಯೇ ಇರುತ್ತಿತ್ತು.

ಈ ಊಟದ ಅಕ್ಕಿ ಬೇಳೆ ಅವನ ಮನೆಯದು. ಕ್ಯಾಂಟೀನು ನಡೆಸುವ ಕಂಟ್ರಾಕ್ಟರರ ಉಪ್ಪು ತಿಂದು ಅವರ ಅಕ್ಕಿಗೆ ಕೈ ಹಾಕುವ ಪೈಕಿಯವನಲ್ಲ ಅವನು. ಹೆಂಡತಿಗೆ ವಿಷಯ ಗೊತ್ತಾದದ್ದೂ ಹೀಗೆಯೇ, ಅಕ್ಕಿ ಡಬ್ಬ ತಿಂಗಳ ನಡುವೆಯೇ ತಳ ಕಂಡಾಗ. ಅವಳು ಬೈದಳು, ಆಮೇಲೆ ಅಳತೆ ಹೆಚ್ಚಿಸಿ ತರಿಸತೊಡಗಿದಳು.

ತೊಂದರೆ ಬಂದದ್ದು ಬೇರೆ ದಿಕ್ಕಿನಿಂದ. ಅಡುಗೆ ಒಂದಿಷ್ಟೂ ಬದಲಾಗಿರಲಿಲ್ಲ, ಆದರೆ ಅಡುಗೆಯವನಿಗೆ ರುಚಿ ಗೊತ್ತಾಗುವುದಿಲ್ಲ ಎಂದು ತಿಳಿದದ್ದೇ ತಡ, ಉಂಡವರಿಗೆಲ್ಲ ನಾಲಿಗೆ ಚುರುಕಾಯಿತು. ವರ್ಷಗಟ್ಟಲೆ ಬೆರಳು ನೆಕ್ಕಿದವರು, "ಯಾಕೋ ಮೊದಲಿನ ಹದ ಇಲ್ಲ" ಎಂದರು. ಮನೆಗಳ ದೊಡ್ಡ ಊಟದ ಕರೆ ನಿಂತುಹೋಯಿತು. ನಾಲಿಗೆಯಣ್ಣ ಎಂದು ಕರೆಯುವಾಗ ಕೆಲವರು ಕಿಸಕ್ಕೆಂದು ನಗುತ್ತಿದ್ದರು. ಅವನಿಗೆ ಅದು ಚುಚ್ಚುತ್ತಿತ್ತು, ಬಹಳ ಚುಚ್ಚುತ್ತಿತ್ತು. ಒಂದು ಮಾತು ಹೇಳಿದ್ದರೆ ಅವರ ಬಾಯಿ ಮುಚ್ಚಿಸಬಹುದಿತ್ತು. ಆ ಒಂದು ಮಾತಿಗೆ ಹಿಂಬಾಗಿಲ ಎಂಟು ಡಬ್ಬಗಳೂ ಖಾಲಿಯಾಗುತ್ತಿದ್ದವು.

ಹೀಗಿರುವಾಗ ಒಂದು ಶನಿವಾರ ಮಧ್ಯಾಹ್ನ ಕಂಟ್ರಾಕ್ಟರು ಬಂದರು. ದೊಡ್ಡ ಹೊಟ್ಟೆ, ದೊಡ್ಡ ದನಿ, ಮನಸ್ಸಿನಲ್ಲಿ ಕೆಟ್ಟದ್ದಿಲ್ಲ, ಆದರೆ ಹೊಟ್ಟೆಯಲ್ಲಿ ಒಂದು ಮಾತೂ ನಿಲ್ಲದು. ಹೊಸ ಆಸ್ಪತ್ರೆಯ ಅಡುಗೆಮನೆ ಅವರಿಗೆ ಸಿಕ್ಕಿತ್ತು. ಬಿಳಿ ಹಂಚು, ಉಗಿಯಲ್ಲಿ ಬೇಯಿಸುವ ಪಾತ್ರೆಗಳು, ಕೈಕೆಳಗೆ ಹತ್ತಾರು ಜನ.

"ನಿನ್ನ ಬಿಟ್ಟು ಇನ್ಯಾರಿಗೆ ಕೊಡಲಿ? ಆದ್ರೆ ನಿನ್ನ ನಾಲಿಗೆ ಸತ್ತಿದೆ ಅಂತ ಎಲ್ಲರೂ ಹೇಳ್ತಾರೆ. ನಾನಂತೂ ನಂಬಲ್ಲ."

"ಯಜಮಾನರೇ, ಸ್ವಲ್ಪ ಉಗ್ರಾಣಕ್ಕೆ ಬನ್ನಿ, ಒಂದು ಮಾತು—"

"ಉಗ್ರಾಣ ಯಾಕೆ? ಎಲ್ಲರ ಮುಂದೇನೇ ಆಗಲಿ. ಆಡೋರ ಬಾಯಿ ಮುಚ್ಚಿಸೋಣ!"

ಅವರು ಮೊದಲೇ ಶಿಷ್ಯನಿಗೆ ಹೇಳಿ ಏರ್ಪಾಡು ಮಾಡಿದ್ದರು. ಎರಡು ಬಟ್ಟಲು ಬೇಳೆ ಬಂತು. ಒಂದರಲ್ಲಿ ಉಪ್ಪಿದೆ, ಒಂದರಲ್ಲಿ ಇಲ್ಲ. ಯಾವುದು ಯಾವುದೆಂದು ಹೇಳಿದರೆ ಆಸ್ಪತ್ರೆ ಅವನದು. ಕೆಲಸಗಾರರು ತಟ್ಟೆ ಹಿಡಿದೇ ಸುತ್ತ ನಿಂತರು. ಹಿಂಬಾಗಿಲಲ್ಲಿ ಮಕ್ಕಳು ಒಬ್ಬರ ಭುಜದ ಮೇಲೊಬ್ಬರು ಕತ್ತು ಚಾಚಿದ್ದರು. ಇನ್ಸ್‌ಪೆಕ್ಟರಮ್ಮ ಎಲ್ಲರ ಮುಂದೆ, ತುಟಿ ಕಚ್ಚಿಕೊಂಡು.

ನಾಲಿಗೆಯಣ್ಣ ಎಡಗಡೆಯದನ್ನು ಅಂಗೈಗೆ ಬಿಟ್ಟುಕೊಂಡು ನೆಕ್ಕಿದ. ಸಪ್ಪೆ. ಬಲಗಡೆಯದನ್ನು ನೆಕ್ಕಿದ. ಉಪ್ಪಿತ್ತು, ಅಷ್ಟೇ ಅಲ್ಲ, ಆ ಉಪ್ಪು ಬೇಳೆ ಬೆಂದ ಮೇಲೆ ಬಿದ್ದದ್ದು, ಮೆಣಸು ಹಳೇ ಚೀಲದ್ದು, ಶಿಷ್ಯನ ಕೈತಪ್ಪಿ ಅರಿಶಿನ ಒಂದು ಚಿಟಿಕೆ ಹೆಚ್ಚು ಬಿದ್ದಿತ್ತು. ಇಷ್ಟೂ ನಾಲಿಗೆಯ ತುದಿಯಲ್ಲಿ ಬಂದು ನಿಂತಿತ್ತು. ಅವನು ಒಮ್ಮೆ ಹಿಂಬಾಗಿಲ ಕಡೆ ನೋಡಿದ. ಹೇಳಿದರೆ ಆ ಹುಡುಗಿಗೆ ಎಲ್ಲ ತಿಳಿಯುತ್ತದೆ. ಅವಳ ತಾಯಿಗೆ ಮತ್ತೆ ಅದೇ ಅವಮಾನ. ಈ ಸಲ ಇಷ್ಟು ದಿನದ ಊಟವನ್ನು ಗಂಟಿನ ಹಾಗೆ ವಾಪಸು ತಂದಿಡಲಾರಳು, ಅಷ್ಟೇ ವ್ಯತ್ಯಾಸ.

"ಎರಡೂ ಒಂದೇ ಥರ ಇದೆ ಯಜಮಾನರೇ," ಎಂದ.

ಯಾರೂ ನಗಲಿಲ್ಲ. ಕಂಟ್ರಾಕ್ಟರ ದನಿ ಜೀವಮಾನದಲ್ಲಿ ಮೊದಲ ಸಲ ತಗ್ಗಿತು. ಅವನ ಬೆನ್ನು ತಟ್ಟಿ, "ಆಗ್ಲಿ ಬಿಡು. ಆಸ್ಪತ್ರೆಗೆ ನಿನ್ನ ಶಿಷ್ಯನ್ನೇ ಕಳಿಸ್ತೀನಿ. ನೀನು ಇಲ್ಲೇ ಇರು. ಹೇಗೂ ರುಚಿ ನೋಡೋಕೆ ಈ ಮಕ್ಕಳಿದ್ದಾವಲ್ಲ" ಎಂದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಕೆಲಸಗಾರರು ಮರುಗುತ್ತ ಚೆದುರಿದರು. ಶಿಷ್ಯ ಕಾಲು ಮುಟ್ಟಲು ಬಂದ. ನಾಲಿಗೆಯಣ್ಣ ಅವನ ಭುಜ ಹಿಡಿದು ಎತ್ತಿ, ಒಲೆ ಉರಿ ಜಾಸ್ತಿಯಾಗಿದೆ, ತಗ್ಗಿಸು ಎಂದು ಕಳಿಸಿದ.

ಹುಡುಗಿ ಮೆಲ್ಲಗೆ ಬಂದು, ಎರಡೂ ಬಟ್ಟಲಿಗೆ ಬೆರಳದ್ದಿ ನೋಡಿದಳು.

"ಎಡಗಡೆದ್ರಲ್ಲಿ ಉಪ್ಪೇ ಇಲ್ಲ ಮಾವ," ಎಂದು ಪಿಸುಗುಟ್ಟಿದಳು. "ನನ್ನ ಕಡೆ ನೋಡಿದ್ರಲ್ಲ, ಇನ್ನೊಂಚೂರು ನೋಡ್ಬೇಕಿತ್ತು. ಬಲಗಡೆ ಬಟ್ಟಲಿಗೆ ಉಪ್ಪು ಹಾಕೋದನ್ನ ನಾನು ನೋಡಿದ್ದೆ, ಕಣ್ಣಲ್ಲೇ ಹೇಳ್ತಿದ್ದೆ."

ಅವಳ ಕಣ್ಣಲ್ಲಿ ನೀರಿತ್ತು. ಅವನು ಬಟ್ಟಲು ತೊಳೆಯಲು ಹೋದ.

ಮನೆಗೆ ಸುದ್ದಿ ಅವನಿಗಿಂತ ಮೊದಲೇ ತಲುಪಿತ್ತು. ಹೆಂಡತಿ ತಟ್ಟೆ ಕುಕ್ಕಿದಳು. ಅನ್ನ, ಬೇಳೆ, ತರಕಾರಿ, ಒಂದಕ್ಕೂ ಉಪ್ಪು ಹಾಕಿರಲಿಲ್ಲ. ಅವನು ತಲೆಯೆತ್ತದೆ ಉಂಡ.

"ಹೇಗಿದೆ?"

"ಇದೆ."

"ಉಪ್ಪು?"

"ನನಗೇನು ಗೊತ್ತಾಗುತ್ತೆ."

"ಕಟ್ಟಿಕೊಂಡ ಹೆಂಡ್ತಿ ಹತ್ರಾನೂ ನಾಟಕಾನಾ?" ಅವಳ ದನಿ ಒಡೆಯಿತು. "ಬಿಳಿ ಹಂಚಿನ ಅಡುಗೆಮನೆ ಅಂತ ವರ್ಷಾನುಗಟ್ಟಲೆ ನನ್ನ ಕಿವಿ ತಿಂದಿದ್ದೀರಿ!"

"ಮನೇಲೊಂದು ಬಾಯಿ ಹೊರಗೊಂದು ಬಾಯಿ ಇಟ್ಕೊಂಡ್ರೆ ಒಂದಿನ ಮರೆತು ಆಡಿಬಿಡ್ತೀನಿ ಕಣೆ."

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಉಪ್ಪಿನ ಡಬ್ಬಿ ತಂದು, ತಾನೇ ಹಾಕಿ ಕಲಸಿ, ತಟ್ಟೆಯನ್ನು ಅವನ ಕಡೆ ತಳ್ಳಿದಳು. ಹದ ಸರಿಯಾಗಿತ್ತು, ಅವನು ಹೇಳಲಿಲ್ಲ.

ಮರುದಿನ ಭಾನುವಾರ ಮಕ್ಕಳ ಹಿಂದೆ ಇಸ್ತ್ರಿಯವಳೂ ಬಂದಳು. ಅವಳು ಕ್ಯಾಂಟೀನಿನ ಹತ್ತಿರ ಸುಳಿದದ್ದೇ ಮೊದಲು. ಕೈಯಲ್ಲಿ ಬಟ್ಟೆ ಸುತ್ತಿದ ಒಂದು ಬಟ್ಟಲು. ಹಿಂಬಾಗಿಲಲ್ಲಿ ನಿಂತು, "ಅಣ್ಣ, ನಿನ್ನೆ ಮಗಳು ಎಲ್ಲ ಹೇಳಿದ್ಲು" ಎಂದಳು. "ರಾತ್ರಿ ಊಟ ಮಾಡಲಿಲ್ಲ ಅವಳು. ನಿಮ್ಮ ನಾಲಿಗೇಲಿ ರುಚಿ ಇಲ್ಲದಾಗಲೂ ನನ್ನ ಮಗಳಿಗೆ ಒಂದು ಕೆಲಸ ಕೊಟ್ಟಿರಿ. ನನ್ನ ಕೈಲಿ ಇನ್ನೇನಾಗುತ್ತೆ? ಒಂದಿಷ್ಟು ಸೊಪ್ಪು ಬೇಯಿಸಿ ತಂದೆ. ನೀವು ಎಲ್ಲರಿಗೂ ಮಾಡಿ ಹಾಕ್ತೀರಿ, ನಿಮಗೆ ಯಾರು ಮಾಡಿ ಕೊಡ್ತಾರೆ."

ಬೇಡ ಎನ್ನಲು ಅವನು ಬಾಯಿ ತೆರೆದ, ಮುಚ್ಚಿದ. ಬೇರೆ ಯಾರು ಬೇಡ ಅಂದರೂ ನಡೆದೀತು, ಅವನು ಮಾತ್ರ ಅನ್ನುವ ಹಾಗಿರಲಿಲ್ಲ. ಡಬ್ಬದ ಮೇಲೆ ಕೂತು ಬಟ್ಟಲು ತೆಗೆದುಕೊಂಡ. ಎಂಟು ಮಕ್ಕಳೂ ತಾಯಿಯೂ ಅವನು ತಿನ್ನುವುದನ್ನೇ ನೋಡುತ್ತಿದ್ದರು.

ಮೊದಲ ತುತ್ತಿಗೇ ಅವನ ಕೈ ನಿಂತಿತು. ಬೇಲಿ ಬದಿಯಲ್ಲಿ ಬಿಟ್ಟಿ ಬೆಳೆಯುವ ಸೊಪ್ಪು, ಒಂದೆರಡು ಎಸಳು ಬೆಳ್ಳುಳ್ಳಿ, ಎಣ್ಣೆ ಇದ್ದೂ ಇಲ್ಲದ ಹಾಗೆ. ಆದರೆ ಆ ಹದ! ಸೊಪ್ಪಿನ ಕಹಿ ಎಲ್ಲಿ ಬಿಡಬೇಕೋ ಅಲ್ಲಿಗೆ ಬಿಟ್ಟಿದ್ದಳು, ಉಪ್ಪು ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತಿತ್ತು. ಇಷ್ಟು ವರ್ಷ ಸೌಟು ಹಿಡಿದ ಅವನ ಕೈಗೆ ಒಮ್ಮೆಯೂ ಒಲಿಯದ ಹದ. ಅವನಿಗೆ ಕಲಿಸಿದ ಆ ಮುಂಗೋಪಿ ಬದುಕಿದ್ದರೆ ಎದ್ದು ನಿಲ್ಲುತ್ತಿದ್ದ. ಹೀಗೆ ಅಡುಗೆ ಮಾಡಬಲ್ಲವಳು ಇಸ್ತ್ರಿ ಪೆಟ್ಟಿಗೆ ಹಿಡಿದು ನಿಂತಿದ್ದಾಳೆ, ಯಾರೂ ಅವಳಿಗೆ ಇದನ್ನು ಹೇಳಿಲ್ಲ. ಹೇಳಬೇಕಾದ ನಾಲಿಗೆ ಇಲ್ಲೇ ಕೂತಿತ್ತು.

ಅವನು ಪೂರ್ತಿ ತಿಂದ. ತಳಕ್ಕಂಟಿದ್ದನ್ನೂ ಬೆರಳಲ್ಲಿ ಬಳಿದು ತಿಂದ.

"ಹೇಗಿದೆ ಅಣ್ಣ?" ಎಂದವಳು ತಕ್ಷಣ ನಾಲಿಗೆ ಕಚ್ಚಿಕೊಂಡಳು. "ಅಯ್ಯೋ, ನಾನೊಬ್ಬಳು! ನಿಮಗೆ ಗೊತ್ತಾಗಲ್ಲ ಅಲ್ವಾ. ಬೇಜಾರು ಮಾಡ್ಕೋಬೇಡಿ."

ನಾಲಿಗೆಯಣ್ಣ ಖಾಲಿ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಅವಳ ಕಡೆ ಚಾಚಿದ.

"ಬಿಸಿಯಾಗಿತ್ತಮ್ಮ," ಎಂದ. "ಅದು ಗೊತ್ತಾಗುತ್ತೆ."