ಬೆಕ್ಕಿಗೆ ನೀಲಿ ನೀರಿನ ಕಾವಲು

ನನ್ನ ಕೊತ್ತಂಬರಿ ಮಡಿ ಇವತ್ತೂ ಪಕ್ಕದ ಮನೆ ಬೆಕ್ಕಿನ ಕಕ್ಕಸಾಯಿತು, ಗೆಳೆಯರೇ. ಬಿತ್ತಿದ ಬೀಜವೆಲ್ಲ ಚೆಲ್ಲಾಪಿಲ್ಲಿ. ಅದನ್ನು ಸಾಕಿರುವ ಜಯಮ್ಮನವರಿಗೆ, "ಸ್ವಲ್ಪ ಮನೆಯೊಳಗೇ ಇಟ್ಕೊಳ್ಳಿ" ಎಂದೆ.

"ಮಂಕ್ರಿ ಮುಚ್ಚಾಕಕ್ಕೆ ಅದೇನ್ ಕೋಳಿನಾ? ಬಾಟ್ಲಿಗೆ ನೀಲಿ ನೀರು ತುಂಬಿ ಸುತ್ತ ಇಡಿ. ನಾಯಿಗಳೇ ಎದ್ರಿ ಓಡೋಯ್ತವೆ, ಬೆಕ್ಕು ಯಾವ ಲೆಕ್ಕ?"

ನಮ್ಮ ಗಂಜಾಂನಲ್ಲಿ ಎಷ್ಟೋ ಮನೆ ಬಾಗಿಲಲ್ಲಿ ಆ ಬಾಟಲಿ ಇದೆಯಲ್ಲ, ನಾನೂ ನಂಬಿದೆ. ಮತ್ತೆ ಬಿತ್ತಿ, ಸುತ್ತ ಬಾಟಲಿ ಇಟ್ಟೆ. ಮಧ್ಯಾಹ್ನ ನೋಡಿದರೆ ಮಡಿಯ ನಟ್ಟನಡುವೆ ಬೆಕ್ಕು ಕಾಲು ಚಾಚಿ ಮಲಗಿದೆ. ಜಯಮ್ಮನವರನ್ನೇ ಕರೆದು ತೋರಿಸಿದೆ.

ಅವರ ಮುಖ ಅರಳಿತು. "ಅಯ್ಯೋ ನನ್ ಕಂದ! ನಾಯಿ ಕಾಟ ಇಲ್ಲ ಅಂತ ಎಷ್ಟ್ ನೆಮ್ಮದಿಯಾಗಿ ಮಲ್ಗದೆ ನೋಡಿ!"

ಮಣ್ಣು ಜರಡಿ ಹಿಡಿದು ಹಾಸಿಗೆ ಮಾಡಿದವನು ನಾನು, ಕಾವಲು ಇಟ್ಟವನೂ ನಾನೇ. ಇನ್ನು ಸೊಳ್ಳೆಪರದೆ ಕಟ್ಟುವುದೊಂದು ಬಾಕಿ.