ಮೆಲ್ಲಗೆ ಮಾತಾಡಲು ಕಲಿತ ನಾದಿನಿ

ಮದುವೆಯಾಗಿ ಈ ಮನೆಗೆ ಬಂದ ದಿನ, ಇಲ್ಲಿ ದೊಡ್ಡ ಜಗಳವೇ ನಡೆಯುತ್ತಿದೆ ಎಂದುಕೊಂಡಿದ್ದೆ. ಅತ್ತೆ ಗಂಟಲು ಹರಿಯುವಂತೆ ಕೂಗುತ್ತಿದ್ದರು. ನನ್ನ ಗಂಡ ಅದಕ್ಕಿಂತ ಜೋರಾಗಿ ಉತ್ತರ ಕೊಡುತ್ತಿದ್ದರು. ನಾದಿನಿಯಂತೂ ಇಬ್ಬರನ್ನೂ ಮೀರಿಸಿದ್ದಳು. ನನಗೆ ಕುಡಿಯಲು ಬಿಸಿನೀರು ಕೊಡುವುದೋ ತಣ್ಣೀರು ಕೊಡುವುದೋ ಎಂದು ಅವರು ಮಾತಾಡಿಕೊಳ್ಳುತ್ತಿದ್ದರು ಎನ್ನುವುದು ಆಮೇಲೆ ತಿಳಿಯಿತು.

ನಮ್ಮದು ಮಗ್ಗದ ಬೀದಿ. ಕೈಮಗ್ಗವಲ್ಲ, ಕರೆಂಟಿನಲ್ಲಿ ಓಡುವ ಮಗ್ಗ. ಪ್ರತಿ ಮನೆಯಲ್ಲೂ ಮುಂದಿನ ಕೋಣೆಯಲ್ಲಿ ನಾಲ್ಕೋ ಆರೋ ಮಗ್ಗ, ಹಿಂದಿನ ಕೋಣೆಯಲ್ಲಿ ಸಂಸಾರ. ಲಾಳಿ ಅತ್ತಿಂದಿತ್ತ ಬಡಿಯುವ ಸದ್ದಿಗೆ ಗೂಡಿನಲ್ಲಿಟ್ಟ ಲೋಟಗಳು ತಾವಾಗಿಯೇ ನಡುಗುತ್ತವೆ. ಕರೆಂಟು ಹೋದಾಗ ಮಾತ್ರ ಬೀದಿ ಗಪ್‌ಚಿಪ್. ಆದರೆ ಜನರ ಗಂಟಲಿಗೆ ಆ ಸುದ್ದಿ ತಲುಪುವುದು ಸ್ವಲ್ಪ ತಡ. ಅಷ್ಟರಲ್ಲಿ ಎದುರುಮನೆಯ ಗಂಡ ಹೆಂಡತಿಯ ಗುಟ್ಟೆಲ್ಲ ಬೀದಿಪಾಲಾಗಿರುತ್ತದೆ.

ನಾದಿನಿ ಈ ಸದ್ದಿನಲ್ಲೇ ಹುಟ್ಟಿ, ಈ ಸದ್ದಿನಲ್ಲೇ ಓದಿ, ವಾಣಿಜ್ಯದಲ್ಲಿ ಪದವಿ ಪಡೆದವಳು. ಅದೂ ಮೊದಲ ದರ್ಜೆಯಲ್ಲಿ. ಕಾಲೇಜಿನಲ್ಲಿ ಅವಳಿಗೆ ಮೈಕು ಎಂದು ಹೆಸರಿಟ್ಟಿದ್ದರು. ಅದನ್ನು ಅವಳೇ ಮನೆಗೆ ಬಂದು ಹೇಳಿಕೊಂಡು ನಗುತ್ತಿದ್ದಳು. ಕೆಲಸ ಹುಡುಕಲು ಹೊರಟ ಮೇಲೆ ಆ ನಗು ನಿಂತುಹೋಯಿತು.

ಮೊದಲ ಸಂದರ್ಶನದಲ್ಲಿ ಮ್ಯಾನೇಜರು ಕುರ್ಚಿಯನ್ನು ಹಿಂದಕ್ಕೆ ಸರಿಸಿಕೊಂಡು, "ಯಾಕಮ್ಮಾ, ನಾನೇನ್ ತಪ್ಪು ಮಾಡ್ದೆ?" ಎಂದರಂತೆ. ಇನ್ನೊಂದು ಕಂಪನಿಯವರು ಫೋನಿನಲ್ಲೇ ಮಾತಾಡಿಸುತ್ತೇವೆ ಎಂದಿದ್ದರು. ಇವಳು ಬಚ್ಚಲುಮನೆಗೆ ಹೋಗಿ, ಬಾಗಿಲು ಹಾಕಿಕೊಂಡು, ತಲೆಯ ಮೇಲೆ ಕಂಬಳಿ ಹೊದ್ದು ಕೂತಳು. "ಫ್ಯಾಕ್ಟರಿ ಅಲ್ಲ ಸರ್, ಮನೇಲೇ ಇದ್ದೀನಿ" ಎಂದು ಅವಳು ಕಿರುಚಿದ್ದು ಅಡುಗೆಮನೆಯಲ್ಲಿದ್ದ ನನಗೆ ಕೇಳಿತು. ಆ ಕಡೆಯವರು ಫೋನ್ ಇಟ್ಟುಬಿಟ್ಟರು. ಮತ್ತೊಂದು ಕಡೆ, ಗಿರಾಕಿಗಳ ಹತ್ತಿರ ನಯವಾಗಿ ಮಾತಾಡುವವರು ಬೇಕು ಎಂದು ವಾಪಸ್ ಕಳಿಸಿದರು. ನನಗೆ ಮೈಯೆಲ್ಲ ಉರಿಯಿತು. ಈ ಹುಡುಗಿಯಲ್ಲಿರುವ ನಯ ಅವರ ಏಳು ತಲೆಮಾರಿನಲ್ಲೂ ಇರಲಿಕ್ಕಿಲ್ಲ.

ಉರಿದುಕೊಂಡರೆ ಕೆಲಸ ಸಿಗುವುದಿಲ್ಲವಲ್ಲ. ನಾನು ಸದ್ದುಗದ್ದಲವಿಲ್ಲದ ಊರಿನಿಂದ ಬಂದವಳು, ಇವಳಿಗೆ ಮೆಲ್ಲಗೆ ಮಾತಾಡುವುದನ್ನು ಕಲಿಸಿಯೇ ಬಿಡುತ್ತೇನೆ ಎಂದು ಟೊಂಕ ಕಟ್ಟಿ ನಿಂತೆ. ಬೀದಿಗೆಲ್ಲ ವಾರದ ರಜೆಯಿರುವ ದಿನ ಇಬ್ಬರೂ ತಾರಸಿಯ ಮೇಲೆ ಎದುರುಬದುರು ಕೂರುತ್ತಿದ್ದೆವು. ಅವಳ ದನಿ ಏರಿದರೆ ನಾನು ಕೈ ಎತ್ತಬೇಕು.

"ಇಷ್ಟು ಮೆಲ್ಲಗೆ ಮಾತಾಡಿದ್ರೆ ನಂಗೇ ಕೇಳ್ಸಲ್ಲ ಅತ್ತಿಗೆ."

"ನಿಂಗೆ ಕೇಳೋದು ಬೇಡ ಮಾರಾಯ್ತಿ, ಅವರಿಗೆ ಕೇಳಿದ್ರೆ ಸಾಕು."

ಅತ್ತೆ ಒಮ್ಮೆ ಮೇಲೆ ಬಂದು ನೋಡಿ, "ಏನಿಬ್ರೂ ಪಿಸುಪಿಸು? ನನ್ ಮೇಲೆ ಚಾಡಿನಾ?" ಎಂದು ಕೂಗಿದರು. ಬೀದಿಯೆಲ್ಲ ತಿರುಗಿ ನೋಡಿತು. ಅಂತೂ ಕೆಲವು ವಾರಗಳಲ್ಲಿ ಅವಳು ಕಲಿತಳು. ಮಾತಾಡುವಾಗ ತನ್ನ ಗಂಟಲ ಮೇಲೆ ಎರಡು ಬೆರಳಿಟ್ಟುಕೊಂಡು, ಅದು ಅದುರುವುದರಿಂದಲೇ ದನಿಯನ್ನು ಅಳೆಯುತ್ತಿದ್ದಳು. ಜಾಣೆ ಎಂದು ನಾನು ಬೆನ್ನು ತಟ್ಟಿದೆ.

ಆಮೇಲೆ ಔಷಧಿ ಸಗಟು ವ್ಯಾಪಾರದ ಆಫೀಸೊಂದರಿಂದ ಕರೆ ಬಂತು. ಊರಿನ ಆ ತುದಿಯಲ್ಲಿದ್ದ ತಣ್ಣಗಿನ ಕಟ್ಟಡ ಅದು, ನಡೆದರೆ ಚಪ್ಪಲಿಯ ಸದ್ದೂ ಕೇಳುವುದಿಲ್ಲ. ಜೊತೆಗೆ ಹೋಗಿದ್ದ ನಾನು ಹೊರಗಿನ ಬೆಂಚಿನ ಮೇಲೆ ಕೂತೆ. ಗಾಜಿನ ಬಾಗಿಲು ಅರ್ಧ ತೆರೆದಿತ್ತು. ವಯಸ್ಸಾದ ಅಧಿಕಾರಿ ಅವಳ ಮುಖ ನೋಡಿ ತೆರಿಗೆಯ ಬಗ್ಗೆ, ಲೆಕ್ಕದ ಬಗ್ಗೆ ಒಂದೊಂದಾಗಿ ಕೇಳಿದರು. ಎಲ್ಲಕ್ಕೂ ಇವಳು ಬೆಣ್ಣೆಯಂಥ ದನಿಯಲ್ಲಿ ಉತ್ತರ ಕೊಟ್ಟಳು. ನಾನು ಹಿಗ್ಗಿ ಹೀರೇಕಾಯಿಯಾದೆ.

ಅಷ್ಟರಲ್ಲಿ ಅವರು ಕಂಪ್ಯೂಟರಿನ ಕಡೆ ತಿರುಗಿ, ಏನೋ ಒತ್ತುತ್ತಾ, "ಯಾವತ್ತಿಂದ ಕೆಲಸಕ್ಕೆ ಬರ್ತೀರಿ?" ಎಂದರು. ಹೊರಗಿದ್ದ ನನಗೆ ಸ್ಪಷ್ಟವಾಗಿ ಕೇಳಿತು. ಎದುರಿಗಿದ್ದವಳು ಅದೇ ನಗುಮುಖದಲ್ಲಿ ಸುಮ್ಮನೆ ಕೂತಿದ್ದಳು. ಅವರು ತಿರುಗದೆಯೇ ಇನ್ನೊಮ್ಮೆ ಕೇಳಿದರು. ಇವಳು ಆಗಲೂ ಸುಮ್ಮನಿದ್ದಳು. ಅವರು ಒತ್ತುವುದನ್ನು ನಿಲ್ಲಿಸಿ ಅವಳತ್ತ ನೋಡಿದಾಗ, ಮಾತು ಮುಗಿಯಿತೆಂದುಕೊಂಡು ಎದ್ದು ನಿಂತು, ನಾನು ಕಲಿಸಿದ ದನಿಯಲ್ಲಿ ಧನ್ಯವಾದ ಹೇಳಿ ಹೊರಗೆ ಬಂದುಬಿಟ್ಟಳು. ನಾನು ಒಳಗೆ ಓಡಿ, ಅವಳಿಗೆ ಕೇಳಿಸಲಿಲ್ಲ ಸರ್ ಎಂದೆ. "ಇಲ್ಲಿ ದಿನವೆಲ್ಲ ಫೋನ್ ತಗೋಬೇಕಮ್ಮಾ" ಎಂದು ಅವರು ನೊಂದುಕೊಂಡೇ ಹೇಳಿದರು.

ಬಸ್ಸಿನಲ್ಲಿ ಅವಳ ಮುಖವನ್ನು ನನ್ನ ಕಡೆ ತಿರುಗಿಸಿಕೊಂಡು, ಯಾವಾಗಿನಿಂದ ಹೀಗೆ ಎಂದು ಕೇಳಿದೆ.

"ಗೊತ್ತಿಲ್ಲ. ಬಾಯಿ ನೋಡಿದ್ರೆ ತಿಳಿಯುತ್ತೆ. ಅಮ್ಮನೂ ಹಂಗೇ ಅಲ್ವಾ? ನಮ್ ಬೀದೀಲಿ ಎಲ್ರೂ ಹಂಗೇ ಅಲ್ವಾ?"

ಎಲ್ಲರೂ ಹಾಗೇ ಇರುವ ಕಡೆ ಅದು ಕುಂದು ಎಂದು ಯಾರಿಗೆ ಹೊಳೆಯಬೇಕು? ಕಿವಿಯ ಡಾಕ್ಟರು ಪರೀಕ್ಷೆ ಮಾಡಿ, ಹೋದದ್ದು ಮರಳಿ ಬರುವುದಿಲ್ಲ ಎಂದರು. ಯಂತ್ರ ಹಾಕಬಹುದಂತೆ, ಆದರೆ ಅದು ಮಗ್ಗದ ಸದ್ದನ್ನೂ ದೊಡ್ಡದು ಮಾಡುತ್ತದಂತೆ. ಮೊದಲು ಆ ಬೀದಿ ಬಿಡಿ ಎಂದರು.

"ಬೀದಿ ಬಿಡೋಕೆ ಕೆಲಸ ಬೇಕು ಡಾಕ್ಟ್ರೇ, ಕೆಲಸಕ್ಕೆ ಕಿವಿ ಬೇಕು" ಎಂದೆ. ಅವರು ಮುಂದಿನ ರೋಗಿಯನ್ನು ಕರೆದರು.

ಆಮೇಲಿನ ಸಂದರ್ಶನದಲ್ಲಿ ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅವರು ಮಗುವಿಗೆ ಹೇಳುವ ಹಾಗೆ ಒಂದೊಂದೇ ಅಕ್ಷರವನ್ನು ಎಳೆದು ಎಳೆದು ಮಾತಾಡಿ, ತಿಳಿಸುತ್ತೇವೆ ಎಂದರು. ತಿಳಿಸಲಿಲ್ಲ.

ಮೊನ್ನೆ ವಾರದ ರಜೆ. ಬೀದಿಯೆಲ್ಲ ಸುಮ್ಮನಿತ್ತು. ಅವಸರದ ಕೆಲಸವಿದ್ದುದರಿಂದ ನಮ್ಮ ಮನೆಯ ಮಗ್ಗಗಳು ಮಾತ್ರ ಓಡುತ್ತಿದ್ದವು. ಮುಂದಿನ ಕೋಣೆಗೆ ಹೋದರೆ, ನಾದಿನಿ ಸೆರಗು ಸಿಕ್ಕಿಸಿ ಮಗ್ಗದ ಮುಂದೆ ನಿಂತಿದ್ದಾಳೆ, ಹರಿದ ನೂಲಿಗೆ ಗಂಟು ಹಾಕುತ್ತಿದ್ದಾಳೆ. ನನ್ನ ಪಿತ್ತ ನೆತ್ತಿಗೇರಿತು. ಗಂಡ, ಅತ್ತೆ ನೋಡುತ್ತಿದ್ದಂತೆಯೇ ಮೇನ್ ಸ್ವಿಚ್ ಕೆಳಗೆಳೆದೆ.

ಅವಳ ಎದುರಿಗೆ ನಿಂತು ಹೇಳಿದೆ. "ಓದಿದ್ದು ಇದಕ್ಕಾ? ನಡಿ, ಬಟ್ಟೆ ಕಟ್ಕೋ. ನಮ್ಮಮ್ಮನ ಮನೇಲಿರು, ಅಲ್ಲಿಂದ ಕೆಲಸ ಹುಡುಕು. ಅಲ್ಲಿ ಒಂದು ಸದ್ದೂ ಇಲ್ಲ."

ಅವಳು ಎರಡೂ ಕಿವಿಗಳನ್ನು ಅಂಗೈಯಿಂದ ಒತ್ತಿ ಹಿಡಿದು ಕಣ್ಣು ಮುಚ್ಚಿಕೊಂಡಿದ್ದಳು. ನಾನು ಅವಳ ಭುಜ ಮುಟ್ಟಿದೆ.

"ಸ್ವಿಚ್ ಹಾಕಿ ಅತ್ತಿಗೆ" ಎಂದಳು, ತೀರಾ ಮೆಲ್ಲಗೆ. "ಸದ್ದಿಲ್ಲದ ಕಡೆ ನನ್ನ ಕಿವಿಯೊಳಗೇ ಮಗ್ಗ ಓಡುತ್ತೆ. ನಿಲ್ಲೋದೇ ಇಲ್ಲ. ಇಲ್ಲಿ ಮಾತ್ರ ಅದು ಕೇಳ್ಸಲ್ಲ."

ನಾನು ಸ್ವಿಚ್ ಹಾಕಿದೆ. ಅವಳು ಕೈ ಕೆಳಗಿಳಿಸಿ, ಬಗ್ಗಿ ನೂಲಿನ ತುದಿ ಹುಡುಕತೊಡಗಿದಳು.